ಅಣ್ಣನಿಗೆ ಬರಬೇಕಾದ ತಲೆನೋವು

ಒಬ್ಬರ ನೋವು ಇನ್ನೊಬ್ಬರ ಮೈಗೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಹಾಗೆ ನೋಡಿದರೆ ನನಗೆ ಎಲ್ಲರ ರೋಗವೂ ಬರುತ್ತದೆ. ಪಕ್ಕದ ಮನೆಯವರಿಗೆ ಸಕ್ಕರೆ ಕಾಯಿಲೆ ಎಂದರೆ ನನ್ನ ಪಾದ ಜುಮ್ಮೆನ್ನುತ್ತದೆ. ಆದರೆ ಅದು ಬರೀ ಪುಕ್ಕಲುತನ, ಪವಾಡವಲ್ಲ ಎನ್ನುವಷ್ಟು ತಿಳಿವಳಿಕೆ ನನಗಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವ ನನ್ನ ಅಣ್ಣನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಜಮಖಂಡಿಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸುತ್ತಿದ್ದೆ. ಆ ಬೇಸಿಗೆಯಲ್ಲಿ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ವಾರ ಅದೇಕೋ ಹಗಲಿಡೀ ಇತ್ತು. ಅಣ್ಣ ಮಗ್ಗ ಬಿಟ್ಟು ಏಳಲಿಲ್ಲ, ಡಯಾಲಿಸಿಸ್‌ನ ಎರಡೂ ಸರದಿ ತಪ್ಪಿದವು.

"ಕರೆಂಟ್ ಹೋದ್ರ ಮತ್ತ ಬರೂದಿಲ್ಲಲೇ. ಕಿಡ್ನಿ ಎಲ್ಲಿ ಹೊಕ್ಕಾವ? ಮೊದಲ ಹೋಗ್ಯಾವ!" ಎಂದು ನನ್ನನ್ನೇ ಗದರಿದ.

ಮುಂದಿನ ವಾರ ಹೋದಾಗ ಅವನ ಮುಖ ಬಾತಿತ್ತು. "ರಕ್ತದಾಗ ಭಾಳ ಹೊಲಸು ಕೂಡೇತಿ. ಇವತ್ತ ನಿಧಾನ, ಸ್ವಲ್ಪ ಮಾಡೂಣು," ಎಂದರು ಡಾಕ್ಟರು.

ಮಷಿನ್ ಶುರುವಾಯಿತು. ಅಣ್ಣ ಕಣ್ಣು ಮುಚ್ಚಿದ. ಪಕ್ಕದಲ್ಲಿ ಕುಳಿತಿದ್ದ ನನಗೆ, ಯಾರೋ ಒಳಗಿನಿಂದ ಗಾಳಿ ತುಂಬಿದಂತೆ ತಲೆ ಬಿಗಿಯತೊಡಗಿತು. ಕಣ್ಣುಗುಡ್ಡೆಗಳ ಹಿಂದೆ ಒತ್ತಡ. ಕಿಟಕಿಯ ಬೆಳಕು ಚುಚ್ಚಿತು, ವಾಂತಿ ಬರುವಂತಾಯಿತು. ಅಣ್ಣನಿಗಿಂತ ಮೊದಲು ನಾನೇ ಹೋಗುತ್ತೇನೆ ಎಂದು ಖಾತ್ರಿಯಾಗಿ ಸಿಸ್ಟರನ್ನು ಕೂಗಿದೆ.

"ಸೂಜಿ ಅವರಿಗೆ ಚುಚ್ಚೇನಿ, ತಲಿ ನಿಮ್ಮದು ನೋಯಾಕತ್ತೇತೇನ್ರಿ ಕಾಕಾರ?" ಎಂದು ನಗುತ್ತಲೇ ಆಕೆ ನನ್ನ ಬಿ.ಪಿ. ನೋಡಿದಳು. ಸರಿಯಾಗಿತ್ತು. "ನಿಮ್ಮ ಅಣ್ಣಾರನ್ನ ನೋಡಿ ಕಲೀರಿ, ಎಷ್ಟ ಆರಾಮ ಮಲಗ್ಯಾರ!" ಎಂದು ಅಣ್ಣನ ಭುಜ ತಟ್ಟಿದಳು.

ಅಣ್ಣ ಏಳಲಿಲ್ಲ. ಅಲುಗಾಡಿಸಿದಾಗ ಕಣ್ಣು ತೆರೆದ, ನನ್ನ ಗುರುತು ಹಿಡಿಯಲಿಲ್ಲ. ನಾಲಿಗೆ ತೊದಲಿತು. ಆಕೆಯ ನಗು ನಿಂತಿತು. ಡಾಕ್ಟರು ಓಡಿ ಬಂದು ಮಷಿನ್ ನಿಲ್ಲಿಸಿ ಔಷಧ ಏರಿಸಿದರು. ನಾನು ಗೋಡೆ ಹಿಡಿದು ನಿಂತಿದ್ದೆ. ತುಂಬ ಹೊತ್ತಿನ ಮೇಲೆ ಅಣ್ಣ ಹುಬ್ಬು ಗಂಟಿಕ್ಕಿ, "ಯಾಕ್ಲೇ, ಹಂಗ್ಯಾಕ ನಿಂತೀ?" ಎಂದ. ಅದೇ ಕ್ಷಣ ನನ್ನ ತಲೆಯ ಬಿಗಿ ಸಡಿಲಾಯಿತು.

ಡಾಕ್ಟರು ಬಿಡಿಸಿ ಹೇಳಿದರು. ರಕ್ತ ಬೇಗ ಶುದ್ಧವಾಗುತ್ತದೆ, ಮಿದುಳಿನಲ್ಲಿ ಕೂಡಿದ ಹೊಲಸು ಅಷ್ಟು ಬೇಗ ಹೊರಬರುವುದಿಲ್ಲ. ಆಗ ಮಿದುಳು ನೀರೆಳೆದುಕೊಂಡು ಊದಿಕೊಳ್ಳುತ್ತದೆ, ತಲೆಬುರುಡೆಯೊಳಗೆ ಒತ್ತಡ ಏರುತ್ತದೆ; ಮೊದಲು ತಲೆ ಸಿಡಿಯುತ್ತದೆ, ವಾಂತಿ ಬರುವಂತಾಗುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. "ಮಲಗ್ಯಾರಂತ ಬಿಟ್ಟಿದ್ರ ಕಷ್ಟ ಇತ್ರಿ," ಎಂದರು.

ಅಣ್ಣನದು ಅರ್ಥವಾಯಿತು. "ಮತ್ತ ನನ್ನ ತಲಿ ಯಾಕ ನೋಯ್ತರಿ?" ಎಂದೆ. ಅವರು ಇನ್ನೊಮ್ಮೆ ನನ್ನ ಬಿ.ಪಿ. ನೋಡಿದರು; ಸರಿಯಾಗಿಯೇ ಇತ್ತು.

ನನ್ನ ರಕ್ತ ಯಾವ ಮಷಿನ್ನಿಗೂ ಹೋಗಿರಲಿಲ್ಲ. ಅಂಜಿಕೆ ಎಂದುಕೊಳ್ಳೋಣವೆಂದರೆ, ಅಂಥದೊಂದು ಒತ್ತಡ ಇದೆ ಎಂಬುದೇ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ರೋಗಕ್ಕೆ ನಾನು ಎಂದೂ ಅಂಜಿದವನಲ್ಲ. ಮತ್ತೆ ಆ ನೋವು ಬಂದಿಲ್ಲ.

ಅಣ್ಣ ಈಗ ಒಂದು ಸರದಿಯನ್ನೂ ತಪ್ಪಿಸುವುದಿಲ್ಲ. ಸೂಜಿ ಚುಚ್ಚಿದ ಕೂಡಲೇ ನನ್ನ ಕಡೆ ಹೊರಳಿ, "ತಲಿ ಹೆಂಗೈತಿಲೇ?" ಎನ್ನುತ್ತಾನೆ. "ಹಗುರ ಐತಿ," ಎಂದರೆ ಕಣ್ಣು ಮುಚ್ಚುತ್ತಾನೆ. ನಾನು ಮುಚ್ಚುವುದಿಲ್ಲ.