ಲ್ಯಾಪ್‌ಟಾಪಿನ ಪಕ್ಕದ ಸ್ವಿಚ್

ಜರ್ಮನಿಯ ಸ್ಟುಟ್‌ಗಾರ್ಟ್‌ನ ಗುಡ್ಡದ ಇಳಿಜಾರಿನಲ್ಲಿ ಒಂದು ಬಾಡಿಗೆ ಕೋಣೆ. ನನ್ನ ಮೊದಲ ಕೆಲಸದ ಸಂದರ್ಶನ ಬೆಳಿಗ್ಗೆ ಹನ್ನೊಂದಕ್ಕೆ, ವಿಡಿಯೋದಲ್ಲಿ. ಕೋಡ್ ಬರೆದು ತೋರಿಸಬೇಕಿದ್ದರಿಂದ ಫೋನ್ ಸಾಲದು. ಹಿಂದಿನ ದಿನವಷ್ಟೇ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದೆ. ಎದ್ದು ನೋಡಿದರೆ ವೈಫೈ ಇಲ್ಲ.

ವೈಫೈ ನಡೆಸುವ ತಂತ್ರಾಂಶ, ಡ್ರೈವರ್, ಇಲ್ಲವೆಂದುಕೊಂಡೆ. ಫೋನಿನಲ್ಲಿ ಇಳಿಸಿ, ಅದರ ಮೆಮೊರಿ ಕಾರ್ಡಿನಲ್ಲಿ ಲ್ಯಾಪ್‌ಟಾಪಿಗೆ ಸಾಗಿಸಿದೆ. ಮೂರು ಸಲವೆಂದು ನೆನಪು, ಎರಡೇ ಇರಬಹುದು. ರೂಮ್‌ಮೇಟ್ ಹುಬ್ಬಳ್ಳಿಯವನು, ಕಾರು ಕಂಪನಿಯಲ್ಲಿ ದಿನವಿಡೀ ಲಿನಕ್ಸ್‌ನಲ್ಲೇ ಇರುವವನು. ಚಹಾ ಹೀರುತ್ತಾ, ಪರೀಕ್ಷೆಯ ದಿನವೇ ಹೊಸ ಪೆನ್ನು ಕೊಂಡವನ ಹಾಗಾಯಿತು ನಿನ್ನ ಕಥೆ ಎಂದ. ಸುಮ್ಮನಿರು ಎಂದೆ.

ಹತ್ತು ನಿಮಿಷ ಉಳಿದಿದ್ದಾಗ ಲ್ಯಾಪ್‌ಟಾಪಿನ ಪಕ್ಕದಲ್ಲಿ ಉಗುರಿನಷ್ಟು ಚಿಕ್ಕ ಸ್ವಿಚ್ ಕಂಡಿತು. ಸರಿಸಿದೆ. ದೀಪ ಹತ್ತಿತು, ವೈಫೈ ಬಂತು.

ಇತ್ತೀಚೆಗೆ ನೀವೇ ಬಗೆಹರಿಸಿದ ಒಂದು ಸಮಸ್ಯೆ ಹೇಳಿ ಎಂದರು ಸಂದರ್ಶನದಲ್ಲಿ. ಇದನ್ನೇ ಹೇಳಿದೆ. ನಕ್ಕರು. ಕೆಲಸ ಸಿಕ್ಕಿತು. ಆಮೇಲೆ ಎಷ್ಟು ಊಟದ ಮೇಜುಗಳಲ್ಲಿ ಇದೇ ಕಥೆ ಹೇಳಿದ್ದೇನೋ.

ಕಳೆದ ವಾರ ಆ ಲ್ಯಾಪ್‌ಟಾಪನ್ನು ಎಸೆಯುವ ಮೊದಲು ತೆರೆದೆ. ಟೈಪ್ ಮಾಡಿದ ಕಮಾಂಡ್‌ಗಳನ್ನು ಲಿನಕ್ಸ್ ಸಾಲಾಗಿ ಉಳಿಸಿಕೊಂಡಿರುತ್ತದೆ. ಅಂದಿನವೂ ಇದ್ದವು. ಡ್ರೈವರ್ ಹಾಕುವ ಒಂದೇ ಕಮಾಂಡ್ ಮತ್ತೆ ಮತ್ತೆ, ಹನ್ನೆರಡು ಸಲ. ಅದು ನಾನೇ, ಸಂಶಯವಿಲ್ಲ. ಕೊನೆಯದು ಮಾತ್ರ ಬೇರೆ: ವೈಫೈಯನ್ನು ಯಾವುದಾದರೂ ಸ್ವಿಚ್ ತಡೆದಿದೆಯೇ ಎಂದು ಕೇಳುವ ಕಮಾಂಡ್. ಅದನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಸ್ವಿಚ್ ಸರಿಸಿದ ಬೆರಳು ಯಾರದೆಂದು ಆ ಪಟ್ಟಿ ಹೇಳುವುದಿಲ್ಲ.

ಎರಡು ದಿನ ತಡೆದು ಆ ರೂಮ್‌ಮೇಟ್‌ಗೆ ಫೋನ್ ಮಾಡಿದೆ. ಈಗ ಮ್ಯೂನಿಕ್‌ನಲ್ಲಿದ್ದಾನೆ. ಆ ಕಮಾಂಡ್ ಯಾರು ಕೊಟ್ಟಿದ್ದು ಎಂದು ಕೇಳಿದೆ.

"ನಾನ. ನೀ ಅಂಗಿ ಬದಲಿ ಮಾಡಾಕ ಹೋಗಿದ್ದಿ."

"ಸ್ವಿಚ್?"

"ಅದೂ ನಾನ ಅನಸ್ತೈತಿ. ಯಾಕ, ಆ ನೌಕ್ರಿ ನನಗ ಕೊಡಾಂವ ಏನು?"

ಅವನು ನಕ್ಕ. ಅಂಗಿ ಬದಲಿಸಿದ್ದು ನನಗೆ ನೆನಪೇ ಇಲ್ಲ. ಸ್ವಿಚ್ಚಿನ ಒರಟು ಅಂಚು ಬೆರಳಿಗೆ ತಾಗಿದ್ದು ನೆನಪಿದೆ; ಆದರೆ ಆಮೇಲೆ ಅದನ್ನು ನೂರು ಸಲ ಸರಿಸಿದ್ದೇನಲ್ಲ.

ನಾಳೆ ಕೆಲಸ ಕೇಳಿ ಬರುವ ಒಬ್ಬಳನ್ನು ನಾನೇ ಸಂದರ್ಶಿಸಬೇಕು. ಪ್ರಶ್ನೆಗಳ ಹಾಳೆಯಲ್ಲಿ ಅದೇ ಪ್ರಶ್ನೆ ಇದೆ: ಇತ್ತೀಚೆಗೆ ನೀವೇ ಬಗೆಹರಿಸಿದ ಒಂದು ಸಮಸ್ಯೆ ಹೇಳಿ. ‘ನೀವೇ’ ಎಂಬುದನ್ನು ಬೆಳಗಿನಿಂದ ಹೊಡೆದುಹಾಕಿದ್ದೇನೆ, ಮತ್ತೆ ಬರೆದಿದ್ದೇನೆ, ಮತ್ತೆ ಹೊಡೆದುಹಾಕಿದ್ದೇನೆ.