ಪರವಾಗಿಲ್ಲ ಎನ್ನಬಾರದ ಕೋಣೆ

ಆಸ್ಪತ್ರೆಯ ಕೆಳಮಹಡಿಯಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕ, ಕೀಲುನೋವಿನವರಿಗೆಂದೇ ಒಂದು ಕೋಣೆಯಿದೆ. ಎರಡು ಕುರ್ಚಿ, ಒಂದು ಬಿಸಿನೀರಿನ ಬೋಗುಣಿ, ಕಿಟಕಿಯ ಕೆಳಗೊಂದು ಹಲಗೆ. ಹಲಗೆಯ ಮೇಲೆ ನಲ್ಲಿ, ಚಿಲಕ, ಬೀಗ, ಹಳೇ ಅಂಗಿಯ ಗುಂಡಿಪಟ್ಟಿ ಎಲ್ಲವನ್ನೂ ಸಾಲಾಗಿ ಜಡಿದಿದ್ದಾರೆ. ಮೊದಲ ಸಲ ಬಂದವರು ಇದೇನು ಹಾರ್ಡ್‌ವೇರ್ ಅಂಗಡಿಯೇ ಎಂದು ಬಾಗಿಲಲ್ಲೇ ತಬ್ಬಿಬ್ಬಾಗುತ್ತಾರೆ. ಅಷ್ಟರಲ್ಲಿ ಒಳಗಿನಿಂದ "ಬನ್ನಿ, ಕೈ ಕೊಡಿ" ಎಂಬ ಕೂಗು ಬರುತ್ತದೆ.

ಕೂಗುವಾಕೆಗೆ ಅಲ್ಲಿಯವರು ಇಟ್ಟ ಹೆಸರು ಕೈಕೊಡಿ ಸಿಸ್ಟರ್. ಇಟ್ಟವರು ಪೋಲಿಗಳೇ ಇರಬೇಕು, ಯಾಕೆಂದರೆ ಈ ನರ್ಸಮ್ಮ ಯಾರಿಗೂ ಕೈ ಕೊಟ್ಟವಳಲ್ಲ. ಬಂದವರ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಒಂದೊಂದು ಬೆರಳಿನ ಗೆಣ್ಣನ್ನೂ ಮೆಲ್ಲಗೆ ಒತ್ತಿ, ಎಲ್ಲಿ ಊದಿದೆ, ಎಲ್ಲಿ ಬಿಸಿಯಿದೆ ಎಂದು ನೋಡುತ್ತಾಳೆ. ದನಿ ಮಾತ್ರ ಬಲು ಜೋರು. ಆಕೆಯ ಮಂಡಿಯೂ ಈಚೆಗೆ ಮುಷ್ಕರ ಹೂಡಿದೆ, ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಹತ್ತುತ್ತಾಳೆ. "ಊರವರ ಮಂಡಿಗೆಲ್ಲ ಬುದ್ಧಿ ಹೇಳ್ತೀಯ, ಮನೇದು ಮಾತ್ರ ನಿನ್ನ ಮಾತು ಕೇಳಲ್ಲ" ಎಂದು ಗಂಡ ರೇಗಿಸುತ್ತಾನೆ.

ಆ ಕೋಣೆಯಲ್ಲಿ ಒಂದು ಮಾತಿಗೆ ನಿಷೇಧವಿದೆ. ಹೇಗಿದ್ದೀರಿ ಎಂದರೆ 'ಪರವಾಗಿಲ್ಲ' ಎನ್ನುವ ಹಾಗಿಲ್ಲ. ಆ ನಿಷೇಧವೂ ಈ ಹಲಗೆಯೂ ಬಂದದ್ದು ಸಲೂನಜ್ಜನಿಂದ.

ಸಲೂನಜ್ಜ ಎಂದರೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಆಯುಷ್ಯವೆಲ್ಲ ಕ್ಷೌರದಂಗಡಿ ನಡೆಸಿದವನು. ಅವನು ಮೊದಲ ದಿನ ಬಂದಾಗ ಬೆರಳುಗಳು ಊದಿ ಒಂದಕ್ಕೊಂದು ಮುನಿಸಿಕೊಂಡಂತೆ ಓರೆಯಾಗಿ ನಿಂತಿದ್ದವು. ಸಿಸ್ಟರ್ ಎಂದಿನಂತೆ "ಕೈ ಕೊಡಿ ಅಜ್ಜ" ಎಂದಳು.

"ಕೈಗಳೇ ನನಗೆ ಕೈ ಕೊಟ್ಟಾಯ್ತು ಸಿಸ್ಟರ್. ನಿಮಗಿನ್ನೇನು ಕೊಡ್ಲಿ?"

ಆಕೆ ಬಿದ್ದು ಬಿದ್ದು ನಕ್ಕಳು. ಆದರೆ ಅಜ್ಜ ನಗಲಿಲ್ಲ. "ಅಂಗಡಿ ಮಗ ನೋಡ್ಕೋತಾನೆ, ಅದರ ಚಿಂತೆಯಿಲ್ಲ. ನಮ್ಮಣ್ಣನಿಗೆ ಶೇವ್ ಮಾಡೋಷ್ಟು ಕೈ ಉಳಿದ್ರೆ ಸಾಕು. ಬೇರೇನೂ ಕೇಳಲ್ಲ" ಎಂದ.

ಅಣ್ಣ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ. ಮಾತು ಹೋಗಿತ್ತು ಎನ್ನಬೇಕು, ಎಲ್ಲೋ ಅಪರೂಪಕ್ಕೆ ಒಂದು ಪದ ಹೊರಡುತ್ತಿತ್ತು. ತಮ್ಮನ ಕೈಗೆ ಮೊದಲು ಕತ್ತಿ ಕೊಟ್ಟು, ಬಲೂನಿಗೆ ಸೋಪು ಹಚ್ಚಿ ಕೆರೆಯುವುದನ್ನು ಕಲಿಸಿದವನು ಅವನೇ. ಕಟ್ಟಾ ಜಿಪುಣ ಗುರು, ಜಿಪುಣತನ ಹೊಗಳಿಕೆಯಲ್ಲಿ. ತಮ್ಮ ಎಷ್ಟೇ ನುಣ್ಣಗೆ ಕೆಲಸ ಮಾಡಿದರೂ 'ಚೆನ್ನಾಗಿದೆ' ಎಂಬ ಮಾತು ಅವನ ಬಾಯಿಂದ ಬಂದದ್ದಿಲ್ಲ. ತೀರಾ ಮೆಚ್ಚಿದರೆ "ಹ್ಞೂಂ, ಪರವಾಗಿಲ್ಲ" ಎನ್ನುವನು, ಅಷ್ಟೇ. ಈಗ ಬೇರೆ ಯಾರು ರೇಜರ್ ಹಿಡಿದು ಬಂದರೂ ಗೋಡೆ ಕಡೆ ಮುಖ ತಿರುಗಿಸುತ್ತಿದ್ದ. ತಮ್ಮ ಬಂದರೆ ಮಾತ್ರ ಗದ್ದವನ್ನು ತಾನಾಗಿ ಮೇಲೆತ್ತುತ್ತಿದ್ದ.

ಸಿಸ್ಟರ್ ಬಿಸಿನೀರಿನಲ್ಲಿ ಕೈಯಿಟ್ಟು ಬೆರಳು ಬಿಚ್ಚಿ ಮಡಿಸುವುದನ್ನು ಕಲಿಸಿದಳು, ಡಾಕ್ಟರ್ ಮಾತ್ರೆ ಬರೆದರು. ಆಮೇಲೆ ಅಜ್ಜ ಬಂದಾಗಲೆಲ್ಲ "ಈಗ ಹೇಗಿದೆ?" ಎಂದು ಆಕೆ ಕೇಳುವಳು. "ಪರವಾಗಿಲ್ಲ ಸಿಸ್ಟರ್" ಎಂದು ಅವನು ಹೇಳುವನು. ಆಕೆ ಅದನ್ನೇ ಡಾಕ್ಟರಿಗೆ ಒಪ್ಪಿಸುವಳು. ಪರವಾಗಿಲ್ಲವಲ್ಲ, ಸರಿ, ಅದೇ ಮಾತ್ರೆ ಮುಂದುವರಿಯಲಿ ಎಂದು ಅವರು ಬಿಡುವರು. ಹೊರಗೆ ಸಾಲುಗಟ್ಟಿ ಕೂತ ಜನ, ಒಳಗೆ ಬಿಡುವಿಲ್ಲದ ಕೆಲಸ. ಆ ಮಾತಿಗೆ ಎರಡು ಮುಖವಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಒಮ್ಮೆ ಅಜ್ಜ ಬರಬೇಕಾದ ದಿನ ಬರಲಿಲ್ಲ. ಸಿಸ್ಟರ್ ಕೆಲಸ ಮುಗಿಸಿ ಅವನ ಮನೆಗೇ ಹೋದಳು. ಕಿಟಕಿಯ ಬಳಿ ಮಂಚದ ಮೇಲೆ ಅಣ್ಣ ಮಲಗಿದ್ದ. ಮುಖದ ತುಂಬ ಬಿಳಿ ಗಡ್ಡ, ಕೆನ್ನೆಯಲ್ಲಿ ಪ್ಲಾಸ್ಟರು. ಅಜ್ಜ ಮೂಲೆಯ ಸ್ಟೂಲಿನ ಮೇಲೆ ಕೈಗಳನ್ನು ಕಂಕುಳಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದ. ಹೇಳಿದವಳು ಸೊಸೆ: "ಕತ್ತಿ ಜಾರಿ ದೊಡ್ಡಮಾವನ ಕೆನ್ನೆ ಕೊಯ್ದುಬಿಡ್ತು. ಅವತ್ತೇ ಮಾವ ಎಲ್ಲಾ ಸಾಮಾನು ಟ್ರಂಕಿಗೆ ಹಾಕಿದ್ರು. ಊಟಾನೂ ಸರಿಯಾಗಿ ಮಾಡ್ತಿಲ್ಲ."

"ಅಜ್ಜ, ಹೋದ ಸಲ ಪರವಾಗಿಲ್ಲ ಅಂದ್ರಲ್ಲ!" ಸಿಸ್ಟರ್ ಜೋರು ಮಾಡಿದಳು.

"ಅಂದೆ. ನೋವು ಹಾಗೇ ಇದೆ, ಪರವಾಗಿಲ್ಲ, ನೀವ್ಯಾಕೆ ತಲೆ ಕೆಡಿಸ್ಕೋತೀರಿ ಅಂತ ಅಂದೆ."

ನೋವು ಕಡಿಮೆಯಾಯಿತು ಎಂದು ಸಿಸ್ಟರ್ ಕೇಳಿಸಿಕೊಂಡಿದ್ದಳು. ಅವನು ಹೇಳಿದ್ದು, ಹೋಗಲಿ ಬಿಡಿ ಎಂದು. ಆಕೆಗೆ ಅಜ್ಜನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟು ದೊಡ್ಡದಾಗಿತ್ತು. ನೋಯುವವರ ಕೈ ಹಿಡಿದು ಬದುಕಿದವಳಿಗೆ ತನ್ನದೇ ಭಾಷೆ ಹೀಗೆ ಟೋಪಿ ಹಾಕಬಹುದೇ?

ಮರುದಿನ ಡಾಕ್ಟರಿಗೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಅವರು ಅಜ್ಜನನ್ನು ಕರೆಸಿ, ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಬದಲಿಸಿದರು. ಆಕೆ ಬಡಗಿಯನ್ನು ಹಿಡಿದು ಹಲಗೆ ಮಾಡಿಸಿದಳು, 'ಪರವಾಗಿಲ್ಲ' ಎಂಬ ಮಾತಿಗೆ ನಿಷೇಧ ಹಾಕಿದಳು. ಅಂದಿನಿಂದ ಹೇಗಿದ್ದೀರಿ ಎಂಬ ಪ್ರಶ್ನೆಯ ಬೆನ್ನಿಗೇ, ನಲ್ಲಿ ತಿರುಗಿಸಿ, ಗುಂಡಿ ಹಾಕಿ ಎಂಬ ಮಾತು ಬಂತು. ಅಭ್ಯಾಸಬಲದಿಂದ ಪರವಾಗಿಲ್ಲ ಎಂದು ನಾಲಿಗೆ ಕಚ್ಚಿಕೊಂಡವರನ್ನು ನೋಡಿ ಪಕ್ಕದ ಕುರ್ಚಿಯವರು ಮುಸಿಮುಸಿ ನಗತೊಡಗಿದರು.

ಅಜ್ಜನನ್ನು ದಾರಿಗೆ ತರುವುದೇ ದೊಡ್ಡ ಪಾಡಾಯಿತು. "ಬೆಳಿಗ್ಗೆ ಎದ್ದ ತಕ್ಷಣ ಬೇಡ, ಬಿಸಿಲು ಬಂದು ಬೆರಳು ಸಡಿಲವಾದ ಮೇಲೆ ಮಾಡಿ" ಎಂದರೆ, ಕ್ಷೌರ ಯಾವತ್ತೂ ಬೆಳಿಗ್ಗೆಯೇ ಎಂದು ಪಟ್ಟು ಹಿಡಿದ. ಕತ್ತಿ ಬೇಡವೆಂದು ಆಕೆ ಸಾದಾ ರೇಜರಿನ ಹಿಡಿಗೆ ಸೈಕಲ್ ಹ್ಯಾಂಡಲಿನ ರಬ್ಬರ್ ತೊಡಿಸಿ ತಂದಾಗಲಂತೂ ಮುಖ ಕೆಂಪಾಯಿತು.

"ಇದನ್ನ ಹಿಡ್ಕೊಂಡು ನಾನು ಶೇವ್ ಮಾಡಬೇಕಾ, ಬೆಲ್ ಹೊಡೀಬೇಕಾ?"

"ಮೊದಲು ಶೇವ್ ಮಾಡಿ, ಬೆಲ್ ನಾನು ತಂದುಕೊಡ್ತೀನಿ" ಎಂದಳು ಸಿಸ್ಟರ್. ಚೀಲದಿಂದ ಬಲೂನು ತೆಗೆದು ಊದಿ ಮುಂದಿಟ್ಟಳು.

ಗುರುವಾಗಿ ಎಷ್ಟೋ ಜನಕ್ಕೆ ಕಲಿಸಿದವನು ಮತ್ತೆ ಬಲೂನಿಗೆ ಸೋಪು ಹಚ್ಚಿದ. ಮೊದಲನೆಯದು ಢಬ್ ಎಂದಿತು. ಆಮೇಲಿನವೂ ಢಬ್ ಎಂದವು. ಎಕ್ಸ್‌ರೇಯವನು ಓಡಿಬಂದು ಏನಾಯಿತೆಂದು ಇಣುಕಿದ. ವಾರಗಳು ಕಳೆದವು, ಮಾತ್ರೆ ಕೆಲಸ ಶುರುಮಾಡಿತು, ಊತ ಇಳಿಯಿತು. ಓರೆಯಾದ ಬೆರಳು ನೇರವಾಗಲಿಲ್ಲ, ಆದರೆ ಹಿಡಿತ ಬಂತು. ಒಂದು ದಿನ ಬಲೂನು ಒಡೆಯದೆ ನುಣ್ಣಗೆ ಹೊಳೆಯುತ್ತ ಕೂತಿತು. ಸಿಸ್ಟರ್ ಅದನ್ನು ಕಿಟಕಿಗೆ ಕಟ್ಟಿದಳು.

ಮನೆಯಲ್ಲಿ ಶೇವ್ ಮಾಡುವ ದಿನ ಆಕೆಯೂ ಹೋದಳು. ಅಜ್ಜನ ಮೊಣಕೈ ಕೆಳಗೆ ದಿಂಬು ಇಟ್ಟಳು. ಅಣ್ಣ ಆ ದಪ್ಪ ಹಿಡಿಯ ರೇಜರನ್ನು ಬಹಳ ಹೊತ್ತು ದಿಟ್ಟಿಸಿದ. ಗೋಡೆ ಕಡೆ ತಿರುಗಿಬಿಟ್ಟರೆ? ಆಮೇಲೆ ಅಣ್ಣನ ಗದ್ದ ಮೆಲ್ಲಗೆ ಮೇಲೆದ್ದಿತು.

ಒಂದು ಗೀರೂ ಬೀಳಲಿಲ್ಲ. ಅಜ್ಜ ಅಂಗಡಿಯಲ್ಲಿ ಜೀವಮಾನವೆಲ್ಲ ಮಾಡಿದಂತೆ ಎರಡೂ ಕೈಯಲ್ಲಿ ಕನ್ನಡಿ ಎತ್ತಿ ಹಿಡಿದು, "ಹೇಗಿದೆ?" ಎಂದ.

ಅಣ್ಣ ಕನ್ನಡಿಯಲ್ಲಿ ಆ ಕೆನ್ನೆ ಈ ಕೆನ್ನೆ ನೋಡಿಕೊಂಡ. ತುಟಿ ಸೊಟ್ಟಗೆ ಅಲುಗಿತು, ಗಂಟಲು ಹೆಣಗಿತು.

"ಪರ... ವಾಗಿಲ್ಲ."

ಅಜ್ಜನ ಕಣ್ಣಲ್ಲಿ ನೀರು ಧಾರೆಯಾಯಿತು. ಕನ್ನಡಿ ಕೆಳಗಿಟ್ಟು, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಸಿಸ್ಟರ್ ಕಡೆ ನೋಡಿದ. "ಅಣ್ಣನಿಗೆ ಬೈಬೇಡಿ ಸಿಸ್ಟರ್. ನಿಮ್ಮ ಕೋಣೆ ನಿಯಮ ಅವನಿಗೆ ಗೊತ್ತಿಲ್ಲ."

ಜೋರು ಗಂಟಲಿನ ಆಕೆ ಅವತ್ತು ಮೆಲುದನಿಯಲ್ಲಿ "ಕೈ ಕೊಡಿ" ಎಂದಳು. ಅಜ್ಜ ಸೋಪಿನ ನೊರೆ ಮೆತ್ತಿದ ಕೈಯನ್ನು ಹಾಗೇ ಚಾಚಿದ.