ಉಗ್ರಾಣದ ಎರ್ಮಿಂದಾ ಮತ್ತು ಎರಡು ಸಾವಿರದ ನೂರ ನಲವತ್ತು ಕುರ್ಚಿಗಳು

ನಿವೃತ್ತ ನೌಕರರ ಸಂಘದ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ದೊನ್ಯಾ ಎರ್ಮಿಂದಾ ತಿಬಾದುಯ್ಸಾ ಅವರ ನಿಧನದ ಬಗ್ಗೆ ಬಂದಿರುವ ಅರ್ಧ ಪುಟದ ಬರಹದಲ್ಲಿ ಮೂರು ತಪ್ಪುಗಳಿವೆ. ನಮ್ಮ ವಿಶ್ವವಿದ್ಯಾಲಯದ ಆಂತರಿಕ ನಿಯಂತ್ರಣ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಾಲ್ಕು ತಿಂಗಳು ದುಡಿದು, ಅದರಲ್ಲಿ ಹದಿನೆಂಟು ವರ್ಷ ಮುಖ್ಯಸ್ಥನಾಗಿದ್ದ ನಾನು ಅವನ್ನು ಹಾಗೇ ಬಿಡಲಾರೆ. ಆಕೆ ಮೊದಲ ದಿನದಿಂದಲೂ ಉಗ್ರಾಣಪಾಲಕಿಯಾಗಿದ್ದರು ಎಂದು ಬರೆದಿದ್ದಾರೆ. ಇಲ್ಲ. 1961ರ ಮಾರ್ಚ್‌ನಲ್ಲಿ ಆಕೆ ಸೇರಿದ್ದು ರಸಾಯನ ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯಲು. ಉಗ್ರಾಣದ ಬೀಗದ ಕೈ ಸಿಕ್ಕಿದ್ದು ಹತ್ತು ವರ್ಷದ ಮೇಲೆ. ಪ್ರವೇಶ ಪರೀಕ್ಷೆಯ ದಿನ ಇನ್ನೂರ ಹನ್ನೆರಡು ವಿದ್ಯಾರ್ಥಿಗಳು ಕುರ್ಚಿಯಿಲ್ಲದೆ ನಿಂತರು ಎಂದಿದ್ದಾರೆ. ನಿಂತವರು ನೂರ ನಲವತ್ತೊಂಬತ್ತು. ಮೂರನೆಯ ತಪ್ಪನ್ನು ಕೊನೆಯಲ್ಲಿ ಹೇಳುತ್ತೇನೆ. ಅದನ್ನು ಹೇಳುವುದು ನನಗೆ ಸುಲಭವಲ್ಲ.

ಆಕೆಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಎಂಬತ್ತಮೂರರ ವಯಸ್ಸಿನಲ್ಲಿ ಅದಕ್ಕೆ ಬೇರೆ ಹೆಸರು ಹುಡುಕುವುದರಲ್ಲಿ ಅರ್ಥವಿಲ್ಲ. ನನ್ನ ಪದವಿ ಪತ್ರ ಗೋಡೆಯ ಮೇಲೆ ಚೌಕಟ್ಟಿನಲ್ಲಿತ್ತು; ಆಕೆ ಓದಿದ್ದು ನಾಲ್ಕನೆಯ ತರಗತಿಯವರೆಗೆ. ಕಂದು ಕಂಬಳಿ ಹೊದ್ದು, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಕಟ್ಟಿಕೊಂಡು ಆಕೆ ಅಂಗಳ ದಾಟಿದರೆ ವಿಶ್ವವಿದ್ಯಾಲಯದ ಮುಖ್ಯಸ್ಥರಾದ ರೆಕ್ಟರ್ ಕೂಡ ನಿಂತು ಮಾತನಾಡಿಸುತ್ತಿದ್ದರು. ನಾನು ದಾಟಿದರೆ ಆಡುತ್ತಿದ್ದ ಮಾತು ನಿಲ್ಲುತ್ತಿತ್ತು. ಜವಾನ ಸೆರ್ವೂಲೊ ಪ್ರತಿ ಸೋಮವಾರ ತನ್ನ ಊರಿನಿಂದ ಅಲ್ಮೊಹಾಬನ ಎಂಬ ಬಿಸಿ ಚೀಸ್ ಬನ್ನು ತಂದು ಮೊದಲು ಉಗ್ರಾಣಕ್ಕೆ ಕೊಡುತ್ತಿದ್ದ. ನನ್ನ ಮೇಜಿಗೆ ಬರುವ ಕಪ್ಪು ಕಾಫಿ ಯಾವಾಗಲೂ ಆರಿರುತ್ತಿತ್ತು.

“ನನ್ನ ಕಾಫಿ ಮಾತ್ರ ಯಾಕಯ್ಯಾ ತಣ್ಣಗಿರುತ್ತೆ?” ಎಂದು ಒಮ್ಮೆ ಕೇಳಿದೆ.

“ಮೂರು ಮಹಡಿ ಹತ್ತಬೇಕಲ್ಲ ಡಾಕ್ಟರೇ, ಅದಕ್ಕೂ ಸುಸ್ತಾಗುತ್ತೆ” ಎಂದ. ಪದವಿ ಇದ್ದವರೆಲ್ಲ ನಮ್ಮಲ್ಲಿ ಡಾಕ್ಟರೇ.

1994ರ ಡಿಸೆಂಬರ್ 30ಕ್ಕೆ ಆಕೆಯ ನಿವೃತ್ತಿಯಿತ್ತು. ನಮ್ಮಲ್ಲಿ ಬೇಬಾಕಿ ಪತ್ರವಿಲ್ಲದೆ ಪಿಂಚಣಿ ಶುರುವಾಗುವುದಿಲ್ಲ. ತನ್ನ ಹೆಸರಿನಲ್ಲಿರುವ ಪ್ರತಿಯೊಂದು ವಸ್ತುವನ್ನೂ ನೌಕರ ತೋರಿಸಿ ಒಪ್ಪಿಸಬೇಕು. ಪ್ರಾಧ್ಯಾಪಕರ ಹೆಸರಿನಲ್ಲಿ ಒಂದು ಮೇಜು, ಒಂದು ಕಪಾಟು ಇರುತ್ತಿತ್ತು. ತರಗತಿಗಳ ಕುರ್ಚಿಗಳು, ಬರೆಯಲು ಹಲಗೆ ಇರುವಂಥವು, ಎರಡು ಸಾವಿರದ ನೂರ ನಲವತ್ತೂ ಎರ್ಮಿಂದಾರ ಹೆಸರಿನಲ್ಲಿದ್ದವು.

ಅಕ್ಟೋಬರಿನಲ್ಲಿ ಆಕೆ ನನ್ನ ಕಚೇರಿಗೆ ಬಂದರು.

“ದೊನ್ ಪ್ಲುತಾರ್ಕೊ, ಕುರ್ಚಿ ಕಮ್ಮಿ ಇದಾವೆ.”

“ಎಷ್ಟು?”

“ಅದು ಗೊತ್ತಿದ್ರೆ ಮೂರು ಮಹಡಿ ಯಾಕ್ ಹತ್ಲಿ? ನೀವು ಕೃಷಿ ವಿಭಾಗಕ್ಕೆ ಎಣಿಸೋಕೆ ಹೋಗೋ ಹಿಂದಿನ ದಿನ ಕಾನೂನು ವಿಭಾಗದ ಕುರ್ಚಿಗಳು ಟ್ರೇಲರ್ ಹತ್ತಿ ಆ ಕಡೆ ಹೊರಟಿದ್ವು. ಕಣ್ಣಾರೆ ಕಂಡೆ.”

“ನನ್ನ ಮೂರು ವರ್ಷದ ವರದಿ ನೋಡಿ. ಲೆಕ್ಕ ಪೂರ್ತಿ ಇದೆ.”

“ವರದಿ ಪೂರ್ತಿ ಇದೆ ಸ್ವಾಮಿ. ಕುರ್ಚಿ ಇಲ್ಲ.”

ನನ್ನ ವಿಧಾನವನ್ನು ಇಲ್ಲಿ ಹೇಳಬೇಕು. ಕೈಪಿಡಿಯ ಪ್ರಕಾರ ಎಣಿಕೆಯ ದಿನಾಂಕಗಳನ್ನು ಹದಿನೈದು ದಿನ ಮೊದಲೇ ಪ್ರಕಟಿಸುತ್ತಿದ್ದೆ, ವಾರಕ್ಕೊಂದು ವಿಭಾಗ. ಕುರ್ಚಿಗಳನ್ನೆಲ್ಲ ಎಣಿಸಿ, ಹತ್ತಕ್ಕೆ ಒಂದರಂತೆ ಆಸನದ ಅಡಿಯ ತಗಡಿನ ಬಿಲ್ಲೆಯಲ್ಲಿರುವ ಸಂಖ್ಯೆಯನ್ನು ಪಟ್ಟಿಯೊಂದಿಗೆ ತಾಳೆ ನೋಡಬೇಕಿತ್ತು. ಹತ್ತರಲ್ಲಿ ಯಾವ ಒಂದು ಎಂದು ಕೈಪಿಡಿ ಹೇಳಿರಲಿಲ್ಲ. ನಾನು ಮೊದಲ ಸಾಲನ್ನು ನೋಡುತ್ತಿದ್ದೆ. ಸಾಲುಗಳ ನಡುವೆ ತೂರಿ ಬಗ್ಗಲು ಮಂಡಿ ಬಿಡುತ್ತಿರಲಿಲ್ಲ.

ಆಕೆಗೆ ನಾನು ಬಾಗಿಲು ತೋರಿಸಿದೆ. ಆಕೆ ನೇರವಾಗಿ ಪ್ರವೇಶ ವಿಭಾಗಕ್ಕೆ ಹೋಗಿ ಎರಡೇ ಸಂಗತಿ ಕೇಳಿದರು. ಪ್ರವೇಶ ಪರೀಕ್ಷೆಯ ಬೆಳಗಿನ ಸರದಿಗೆ, ಕಾಗದದಲ್ಲಿ ಎಷ್ಟು ಕುರ್ಚಿಗಳಿವೆಯೋ ಸರಿಯಾಗಿ ಅಷ್ಟೇ ಜನರನ್ನು ಕರೆಯಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ಕೂರುವ ಮೊದಲು ಬಗ್ಗಿ, ಕುರ್ಚಿಯ ಬಿಲ್ಲೆಯ ಸಂಖ್ಯೆಯನ್ನು ಉತ್ತರ ಪತ್ರಿಕೆಯ ಮೂಲೆಯಲ್ಲಿ ಬರೆಯಬೇಕು. ಯಾಕಮ್ಮಾ ಎಂದು ಅಲ್ಲಿನವರು ಕೇಳಿದ್ದಕ್ಕೆ, “ಮಕ್ಕಳು ಕೂತಿರೋ ಕುರ್ಚಿನ ಯಾರು ಎತ್ಕೊಂಡ್ ಹೋಗ್ತಾರೆ?” ಎಂದರಂತೆ.

ನವೆಂಬರ್ 19, ಶನಿವಾರ, ಬೆಳಿಗ್ಗೆ ಒಂಬತ್ತು. ನಾನು ಮೊಗಸಾಲೆಯಲ್ಲಿ ನಿಂತು ನೋಡಿದೆ. ಎಲ್ಲ ವಿಭಾಗಗಳ ಎಲ್ಲ ಕೋಣೆಗಳೂ ಒಂದೇ ಗಳಿಗೆಯಲ್ಲಿ ತುಂಬಿದವು. ಕುರ್ಚಿಗಳೆಲ್ಲ ತುಂಬಿದ ಮೇಲೂ ಮೊಗಸಾಲೆಯಲ್ಲಿ ವಿದ್ಯಾರ್ಥಿಗಳು ಉಳಿದರು, ಕೈಯಲ್ಲಿ ಪೆನ್ಸಿಲ್ ಹಿಡಿದುಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತಾ. ಅವರು ನೂರ ನಲವತ್ತೊಂಬತ್ತು ಜನ. ಮಧ್ಯಾಹ್ನದ ಸರದಿಗೆ ಕಳಿಸಿದರು. ಗೈರಾದವರು ಅರವತ್ತಮೂರು. ಎರಡೂ ಸೇರಿ ಇನ್ನೂರ ಹನ್ನೆರಡು. ಕಡಿಮೆಯಿದ್ದ ಕುರ್ಚಿಗಳು ಅಷ್ಟೇ.

ಉತ್ತರ ಪತ್ರಿಕೆಗಳ ಮೂಲೆಯಲ್ಲಿ ಯಾವ ಸಂಖ್ಯೆಗಳು ಬಂದಿರಲಿಲ್ಲವೋ ಅವೆಲ್ಲ 1988ರಲ್ಲಿ ಕೃಷಿ ವಿಭಾಗಕ್ಕೆ ಕೊಂಡವು. ಆ ವಿಭಾಗದ ಡೀನ್ ಅವನ್ನು ತಮ್ಮ ಭಾಮೈದ ನಡೆಸುತ್ತಿದ್ದ ಮದುವೆ ಮಂಟಪಕ್ಕೆ ಎರವಲು ಕೊಟ್ಟಿದ್ದರು. ನನ್ನ ಎಣಿಕೆಯ ವಾರ ಬಂದಾಗಲೆಲ್ಲ, ನಾನು ಎಣಿಸಿ ಮುಗಿಸಿದ್ದ ಕಾನೂನು ವಿಭಾಗದಿಂದ ಕುರ್ಚಿ ತರಿಸಿ ಹಿಂದಿನ ಸಾಲುಗಳನ್ನು ತುಂಬುತ್ತಿದ್ದರು. ಮೂರು ವರ್ಷ ನಾನು ಅವೇ ಕುರ್ಚಿಗಳನ್ನು ಎರಡೆರಡು ಸಲ ಎಣಿಸಿ ಸಹಿ ಹಾಕಿದ್ದೆ. ನನ್ನ ಕಚೇರಿಯ ಐವರಿಗೆ ಕಾಣದ್ದನ್ನು, ನಾಲ್ಕನೆಯ ತರಗತಿ ಓದಿದ ಹೆಂಗಸು ಒಂದು ಪೆಸೊ ಖರ್ಚಿಲ್ಲದೆ ಒಂದು ಬೆಳಿಗ್ಗೆಯಲ್ಲಿ ಕಂಡುಹಿಡಿದಿದ್ದರು. ಆ ಉಪಾಯ ನನಗೆ ಯಾಕೆ ಹೊಳೆಯಲಿಲ್ಲ ಎಂದು ಆ ಶನಿವಾರ ರಾತ್ರಿ ನನಗೆ ಊಟ ಸೇರಲಿಲ್ಲ.

ನವೆಂಬರ್ 24ರಂದು ಕಡತ ನನ್ನ ಮೇಜಿಗೆ ಬಂತು. ನಿಯಂತ್ರಣ ಕಚೇರಿಯ ಮುಖ್ಯಸ್ಥ ಸಹಿ ಹಾಕಿದರೆ ಕೊರತೆ ಡೀನರ ತಲೆಗೆ; ಹಾಕದಿದ್ದರೆ ಎರ್ಮಿಂದಾರ ತಲೆಗೆ. ಇನ್ನೂರ ಹನ್ನೆರಡು ಕುರ್ಚಿಗಳ ಬೆಲೆಯೆಂದರೆ ಆಕೆಯ ನಾಲ್ಕು ವರ್ಷಕ್ಕೂ ಮೀರಿದ ಪಿಂಚಣಿ. ಆದರೆ ಸಹಿ ಹಾಕುವುದೆಂದರೆ ನನ್ನ ಮೂರು ವರದಿಗಳೂ ಸುಳ್ಳೆಂದು ನಾನೇ ಬರೆದುಕೊಟ್ಟಂತೆ. ಸಂಖ್ಯೆಗಳು ಪೆನ್ಸಿಲಿನಲ್ಲಿವೆ ಎಂದು ಆಕ್ಷೇಪದ ಷರಾ ಬರೆದು, ಕಡತವನ್ನು ಇಪ್ಪತ್ತೈದು ದಿನ ಇಟ್ಟುಕೊಂಡೆ.

ಡಿಸೆಂಬರ್ 16ರಿಂದ ಎಂದಿನಂತೆ ಕಚೇರಿಗಳಲ್ಲಿ ಸರದಿಯ ಮೇಲೆ ಕ್ರಿಸ್‌ಮಸ್‌ನ ಒಂಬತ್ತು ದಿನದ ಪ್ರಾರ್ಥನೆ ಶುರುವಾಯಿತು. ಮೊದಲ ಸಂಜೆ ನನ್ನ ಕಚೇರಿಯದು. ಬಂದವರು ಏಳು ಜನ, ಅದರಲ್ಲಿ ಐವರು ನನ್ನ ಕೈಕೆಳಗಿನವರು. 19ರ ಸಂಜೆ ಉಗ್ರಾಣದ್ದು. ಹಾಡು, ಗಿಲಕಿ, ನಗು ಮೂರನೆಯ ಮಹಡಿಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಎರ್ಮಿಂದಾ ಏದುಸಿರು ಬಿಡುತ್ತಾ ತಟ್ಟೆಯೊಂದಿಗೆ ಒಳಗೆ ಬಂದರು.

“ಕೆಳಗೆ ಬರಲೇ ಇಲ್ವಲ್ಲ ನೀವು.”

“ಕೆಲಸ ಇದೆ.”

“ನನ್ನ ಕಡತಾನಾ? ಪೆನ್ಸಿಲಲ್ಲಿ ಬರ್ದಿದಾರೆ ಅಂತ ಆಕ್ಷೇಪ ಹಾಕಿದೀರಂತೆ. ಪರೀಕ್ಷೇಲಿ ಪೆನ್ಸಿಲ್ ಬಿಟ್ಟು ಇನ್ನೇನ್ ಕೊಡ್ತಾರೆ, ಸುಣ್ಣ ಹೊಡಿಯೋ ಕುಂಚಾನಾ?”

“ನಿಯಮ ಅಂದ್ರೆ ನಿಯಮ.”

ಆಕೆ ಒಂದು ಹಾಳೆ ಮುಂದಿಟ್ಟರು. ‘ಹಿಂದಿನ ವರದಿಗಳ ಎಣಿಕೆ ಸರಿಯಾಗಿತ್ತು, ಕುರ್ಚಿಗಳನ್ನು ಸ್ಥಳಾಂತರಿಸುತ್ತಿದ್ದುದರಿಂದ ಮೊತ್ತ ಮಾತ್ರ ತಪ್ಪಾಯಿತು’ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು.

“ಇದನ್ನೂ ಸೇರ್ಸಿ. ಪಾಪ, ನೀವು ಸರಿಯಾಗೇ ಎಣಿಸಿದ್ರಿ. ಕುರ್ಚಿಗಳೇ ನಿಮ್ಮ ಹಿಂದಿಂದೆ ತಿರುಗ್ತಿದ್ವು.”

“ಬಿಲ್ಲೆ ನೋಡಿದ್ರೆ ಗೊತ್ತಾಗ್ತಿತ್ತು” ಎಂದೆ. ಯಾಕೆ ಹೇಳಿದೆನೋ ತಿಳಿಯದು.

“ಮೊದಲನೇ ಸಾಲಿಗೆ ಕೃಷಿ ವಿಭಾಗದ್ದೇ ಅಸಲಿ ಕುರ್ಚಿ ಜೋಡಿಸ್ತಿದ್ದೋನೇ ಸೆರ್ವೂಲೊ. ಡೀನ್ ಹೇಳಿದ್ರು, ಮಾಡ್ದ. ನಿಮ್ಮ ಮಂಡಿ ವಿಷ್ಯ ಇಡೀ ವಿಶ್ವವಿದ್ಯಾಲಯಕ್ಕೆ ಗೊತ್ತು ದೊನ್ ಪ್ಲುತಾರ್ಕೊ. ಅದನ್ನ ನಾನು ಬರ್ದಿಲ್ಲ. ತಿನ್ನಿ, ಆರೋಗುತ್ತೆ.”

ತಟ್ಟೆಯಲ್ಲಿದ್ದ ಬುನ್ಯುಯೆಲೊ, ಎಣ್ಣೆಯಲ್ಲಿ ಕರಿದ ಚೀಸ್ ಉಂಡೆ, ಇನ್ನೂ ಕೈಸುಡುವಷ್ಟು ಬಿಸಿಯಿತ್ತು. ಮೂರನೆಯ ಮಹಡಿಗೆ ಆರದೆ ಬಂದ ಮೊದಲ ತಿನಿಸು ಅದು. ಅವಮಾನ ಮಾಡುವ ಅವಕಾಶ ಕೈಯಲ್ಲಿದ್ದೂ ಬಿಟ್ಟುಕೊಡಬಲ್ಲವರಾಗಿದ್ದರು ಆಕೆ. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಸಹಿ ಹಾಕಿದೆ, ಆಕೆಯ ಹಾಳೆಯನ್ನೂ ಸೇರಿಸಿದೆ. ಬೇಬಾಕಿ ಪತ್ರ 28ಕ್ಕೆ ಸಿಕ್ಕಿತು. ಜನವರಿಯಲ್ಲಿ ಕುರ್ಚಿಗಳು ಅದೇ ಟ್ರೇಲರಿನಲ್ಲಿ ಮರಳಿದವು. ಬಾರದ ಹದಿನಾಲ್ಕರ ಬೆಲೆಯನ್ನು ಡೀನರ ಸಂಬಳದಿಂದ ಹಿಡಿದರು.

ಈಗ ಮೂರನೆಯ ತಪ್ಪು. ಎರ್ಮಿಂದಾ ಆ ಎಣಿಕೆಯನ್ನು ‘ದೊನ್ ಪ್ಲುತಾರ್ಕೊ ಫಾಗ್ವಾ ರೂಪಿಸಿದ ಹದಿನಾಲ್ಕನೆಯ ನಿಯಮದಂತೆ’ ನಡೆಸಿದರು ಎಂದು ಸಂಘದವರು ಬರೆದಿದ್ದಾರೆ. ಆ ದಿನ ಅಂಥ ನಿಯಮವೇ ಇರಲಿಲ್ಲ. ಪರೀಕ್ಷೆಯ ದಿನ ಎಲ್ಲ ವಿಭಾಗಗಳಲ್ಲಿ ಒಂದೇ ಗಳಿಗೆಗೆ ಕುರ್ಚಿ ಎಣಿಸಬೇಕೆಂದು ನಾನು ಕೈಪಿಡಿಗೆ ಸೇರಿಸಿದ್ದು 1995ರಲ್ಲಿ. ರಾಜಧಾನಿಯಿಂದ ಪ್ರಶಂಸಾಪತ್ರ ಬಂತು. ಅದನ್ನೂ ಚೌಕಟ್ಟು ಹಾಕಿಸಿದೆ. ಉಪಾಯ ಯಾರದೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಕೆಗೆ ಗೊತ್ತಿತ್ತು, ಆಕೆಯೂ ಹೇಳಲಿಲ್ಲ.

ಅಂತ್ಯಕ್ರಿಯೆಯ ದಿನ ಚರ್ಚು ತುಂಬಿತ್ತು. ಊರುಗೋಲು ಹಿಡಿದು ಕೊನೆಯ ಸಾಲಿನವರೆಗೂ ಹೋಗಿ ಎಣಿಸಿದೆ: ಕೂತವರು ಮುನ್ನೂರ ಹತ್ತು, ನಿಂತವರು ಎಂಬತ್ತಾರು. ನನ್ನ ದಿನ ಯಾರೂ ನಿಲ್ಲಬೇಕಾಗುವುದಿಲ್ಲ.

ಆದ್ದರಿಂದ ಸಂಘದವರು ಹೀಗೆ ತಿದ್ದಬೇಕು. ಹದಿನಾಲ್ಕನೆಯ ನಿಯಮ ಎರ್ಮಿಂದಾ ತಿಬಾದುಯ್ಸಾ ಅವರದು. ಹಿಂದಿನ ಎಣಿಕೆ ಸರಿಯಾಗಿತ್ತು ಎಂದು ಆಕೆಯ ಹಾಳೆ ಹೇಳುತ್ತದೆ; ಅದು ಸರಿಯಾಗಿರಲಿಲ್ಲ. ನಾನು ನೋಡಿದ್ದು ಮೊದಲ ಸಾಲನ್ನು ಮಾತ್ರ.